ಡೀಸೆಲ್ ಎಂಜಿನ್‌ಗೆ ಹೊಂಗೆ ಎಣ್ಣೆ: ಹೊಗೆ ಎಷ್ಟು, ಉಳಿತಾಯ ಎಷ್ಟು, ಹಿಂಡಿಯ ಗತಿ ಏನು?



ಕೃಷ್ಣರಾಜಪುರ, ಆವಲಹಳ್ಳಿ, ಹೊಸಕೋಟೆ ಕಡೆಯ ಸಂಘಗಳ ಸಭೆಗಳಿಗೆ ಹೋದಾಗ ಇತ್ತೀಚೆಗೆ ಎರಡು ಪ್ರಶ್ನೆಗಳು ಪದೇ ಪದೇ ಬರುತ್ತಿವೆ. ಮೊದಲನೆಯದು: "ಸ್ವಾಮಿ, ನಮ್ಮ ಬದುವಿನಲ್ಲಿ ಹೊಂಗೆ ಮರಗಳಿವೆ, ಪಕ್ಕದ ಊರಿನಲ್ಲಿ ಗಾಣವಿದೆ. ಎಣ್ಣೆ ತೆಗೆಸಿ ಜನರೇಟರಿಗೆ ಹಾಕಿದರೆ ಡೀಸೆಲ್ ಖರ್ಚು ಉಳಿಯುವುದಿಲ್ಲವೇ?" ಎರಡನೆಯದು ಅದರ ಬೆನ್ನಿಗೇ ಬರುತ್ತದೆ: "ಉಳಿದ ಹಿಂಡಿಯನ್ನು ಹಸುವಿಗೆ ಹಾಕಬಹುದೇ?"

ಎರಡನೆಯ ಪ್ರಶ್ನೆಗೆ ಉತ್ತರ ಮೊದಲೇ ಹೇಳಿಬಿಡುತ್ತೇನೆ: ಹಾಕಬೇಡಿ. ಕಾರಣವನ್ನು ಕೊನೆಯಲ್ಲಿ ವಿವರಿಸಿದ್ದೇನೆ. ಮೊದಲನೆಯ ಪ್ರಶ್ನೆ ಸ್ವಲ್ಪ ದೊಡ್ಡದು. ನಾನು ಪಶುವೈದ್ಯ, ಮೆಕ್ಯಾನಿಕ್ ಅಲ್ಲ. ಆದರೂ ಹಾಲು ತಂಪು ಮಾಡುವ ಯಂತ್ರ, ಮೇವು ಕತ್ತರಿಸುವ ಯಂತ್ರ, ಹಾಲು ಕರೆಯುವ ಯಂತ್ರ ಇವೆಲ್ಲ ಕರೆಂಟು ಹೋದಾಗ ಡೀಸೆಲ್ ಎಂಜಿನ್ನನ್ನೇ ನಂಬಿಕೊಂಡಿರುವುದರಿಂದ ಈ ವಿಷಯ ನಮ್ಮ ಕೊಟ್ಟಿಗೆಯ ವಿಷಯವೂ ಆಗಿದೆ.

ಎಂಜಿನ್ ಹೊಗೆ ಉಗುಳುವುದೇಕೆ?

ಹಲಸೂರಿನಿಂದ ಇಂದಿರಾನಗರದ ಅಂಚು ಹಿಡಿದು ಹಳೆ ಮದ್ರಾಸ್ ರಸ್ತೆಯಲ್ಲಿ ಕೃಷ್ಣರಾಜಪುರದ ತೂಗು ಸೇತುವೆಯವರೆಗೆ ಸಂಜೆ ಆರು ಗಂಟೆಗೆ ಬಂದವರಿಗೆ ಡೀಸೆಲ್ ಹೊಗೆ ಎಂದರೇನೆಂದು ಹೇಳಬೇಕಾಗಿಲ್ಲ. ಹಳೆಯ ಲಾರಿಯೊಂದು ಏರಿನಲ್ಲಿ ಗೇರ್ ಬದಲಿಸಿದಾಗ ಕಪ್ಪು ಹೊಗೆ ಒಮ್ಮೆಲೇ ಬರುತ್ತದೆ. ಅದು ಪೂರ್ತಿ ಉರಿಯದೆ ಉಳಿದ ಇಂಧನದ ಮಸಿ.

ಡೀಸೆಲ್ ಎಂಜಿನ್‌ನಲ್ಲಿ ಕಿಡಿ ಹೊತ್ತಿಸುವ ಪ್ಲಗ್ ಇರುವುದಿಲ್ಲ. ಗಾಳಿಯನ್ನು ಬಿಗಿಯಾಗಿ ಅದುಮಿದಾಗ ಅದು ಕಾಯುತ್ತದೆ. ಆ ಕಾದ ಗಾಳಿಯೊಳಗೆ ನಾಜಲ್ ಮೂಲಕ ಇಂಧನವನ್ನು ಮಂಜಿನಂತೆ ಸಿಂಪಡಿಸಿದಾಗ ತಾನಾಗಿಯೇ ಹೊತ್ತಿಕೊಳ್ಳುತ್ತದೆ. ಹನಿ ಸಣ್ಣದಾದಷ್ಟೂ ಸುತ್ತಲೂ ಗಾಳಿ ಸಿಕ್ಕಿ ಪೂರ್ತಿ ಉರಿಯುತ್ತದೆ. ಹನಿ ದಪ್ಪವಾದರೆ ಹೊರಭಾಗ ಮಾತ್ರ ಉರಿದು ಒಳಭಾಗ ಮಸಿಯಾಗುತ್ತದೆ. ಒಲೆಗೆ ಹಸಿ ಸೌದೆ ಹಾಕಿದರೆ ಆಗುವಂತೆಯೇ ಇದೂ. ಮುಂದೆ ಹೇಳುವುದೆಲ್ಲಕ್ಕೂ ಈ ಹನಿಯ ಗಾತ್ರವೇ ಆಧಾರವೆಂಬುದನ್ನು ನೆನಪಿಡಿ.

ಸಸ್ಯದ ಎಣ್ಣೆ ಹೊಸತೇನಲ್ಲ

1900ರಲ್ಲಿ ಪ್ಯಾರಿಸ್ ನಗರದಲ್ಲಿ ನಡೆದ ಜಾಗತಿಕ ವಸ್ತುಪ್ರದರ್ಶನದಲ್ಲಿಯೇ ಒಂದು ಡೀಸೆಲ್ ಎಂಜಿನ್ನನ್ನು ಕಡಲೆಕಾಯಿ ಎಣ್ಣೆಯಿಂದ ಓಡಿಸಿ ತೋರಿಸಿದ್ದರು. ಮುಂದೆ ಭೂಮಿಯಿಂದ ತೆಗೆದ ಎಣ್ಣೆ ಅಗ್ಗವಾಗಿ ಸಿಕ್ಕಿದ್ದರಿಂದ ಆ ದಾರಿ ಮರೆತುಹೋಯಿತು.

ನಮ್ಮ ರಾಜ್ಯದಲ್ಲಿ ಇದನ್ನು ಮತ್ತೆ ಕೈಗೆತ್ತಿಕೊಂಡವರಲ್ಲಿ ಮುಖ್ಯರು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಪ್ರಾಧ್ಯಾಪಕ ಉಡುಪಿ ಶ್ರೀನಿವಾಸ ಅವರು. 1990ರ ದಶಕದ ಕೊನೆಯಲ್ಲಿ ಅವರು ಹೊಂಗೆ ಎಣ್ಣೆಯಿಂದ ಹಳ್ಳಿಗಳಲ್ಲಿ ಜನರೇಟರ್ ಓಡಿಸುವ ಕೆಲಸ ಆರಂಭಿಸಿದರು. 2001ರ ಸುಮಾರಿಗೆ ದಾಂಡೇಲಿಯ ಫೆರೋ ಅಲಾಯ್ ಕಾರ್ಖಾನೆಯೊಂದು ತನ್ನ ದೊಡ್ಡ ಜನರೇಟರುಗಳನ್ನು ಹೊಂಗೆ ಎಣ್ಣೆಗೆ ತಿರುಗಿಸಿತು. 2002ರ ಡಿಸೆಂಬರ್ 31ರಂದು ರೈಲ್ವೆಯವರು ಶೇ. 5ರಷ್ಟು ಜೈವಿಕ ಡೀಸೆಲ್ ಬೆರೆಸಿ ದೆಹಲಿ–ಅಮೃತಸರ ಶತಾಬ್ದಿ ರೈಲನ್ನು ಓಡಿಸಿ ನೋಡಿದರು. ನಮ್ಮ ಕೃಷ್ಣರಾಜಪುರದ ಡೀಸೆಲ್ ಷೆಡ್ಡಿನಲ್ಲಿ ಕೆಲಸ ಮಾಡಿದವರು ನಿಮ್ಮ ಊರಿನಲ್ಲಿದ್ದರೆ ಕೇಳಿ ನೋಡಿ, ಎಂಜಿನ್‌ನ ನಾಜಲ್ ಎಷ್ಟು ಸೂಕ್ಷ್ಮವೆಂಬುದನ್ನು ನನಗಿಂತ ಚೆನ್ನಾಗಿ ಹೇಳುತ್ತಾರೆ. ರಾಜ್ಯದ ರಸ್ತೆ ಸಾರಿಗೆ ಬಸ್ಸುಗಳಲ್ಲಿಯೂ ಮಿಶ್ರಣದ ಪ್ರಯೋಗ ನಡೆದಿದೆ. 2009ರಲ್ಲಿ ಕರ್ನಾಟಕ ಸರ್ಕಾರ ಜೈವಿಕ ಇಂಧನ ನೀತಿಯನ್ನೇ ತಂದಿತು. ಹಾಸನದ ಬಳಿ ಮಡೆನೂರಿನಲ್ಲಿ ಕೃಷಿ ವಿಶ್ವವಿದ್ಯಾನಿಲಯದ ಜೈವಿಕ ಇಂಧನ ಉದ್ಯಾನವಿದೆ.

ಇಷ್ಟೆಲ್ಲ ಆದರೂ ಪಂಪಿನಲ್ಲಿ ಸಿಗುವ ಡೀಸೆಲ್‌ನಲ್ಲಿ ಸಸ್ಯದ ಪಾಲು ಬಹಳ ಕಡಿಮೆ. ಕೇಂದ್ರದ 2009ರ ನೀತಿ 2017ರ ಹೊತ್ತಿಗೆ ಶೇ. 20 ಮಿಶ್ರಣ ಎಂದಿತ್ತು. 2018ರ ನೀತಿ ಅದನ್ನು 2030ರ ಹೊತ್ತಿಗೆ ಶೇ. 5 ಎಂದು ಇಳಿಸಿತು. ಜಟ್ರೋಫಾ ಗಿಡ ಒಣಭೂಮಿಯಲ್ಲಿ ಹೇಳಿದಷ್ಟು ಇಳುವರಿ ಕೊಡದೇ ಹೋದದ್ದು ಇದಕ್ಕೆ ಒಂದು ಕಾರಣ. ಆಗ ಜಟ್ರೋಫಾ ನೆಟ್ಟು ಕಿತ್ತವರು ನಮ್ಮ ಸದಸ್ಯರಲ್ಲಿಯೂ ಇದ್ದಾರೆ.

ಗಾಣದ ಎಣ್ಣೆ ಬೇರೆ, ಜೈವಿಕ ಡೀಸೆಲ್ ಬೇರೆ

ಹೆಚ್ಚಿನವರು ತಪ್ಪು ಮಾಡುವುದು ಇಲ್ಲಿಯೇ. ಗಾಣದಿಂದ ಬಂದ ಹೊಂಗೆ ಎಣ್ಣೆ ಡೀಸೆಲ್‌ಗಿಂತ ಸುಮಾರು ಹತ್ತು ಪಟ್ಟು ಮಂದ. ಡಿಸೆಂಬರ್ ತಿಂಗಳ ಬೆಳಗಿನ ಚಳಿಯಲ್ಲಿ ಇನ್ನೂ ಮಂದವಾಗುತ್ತದೆ. ನಾಜಲ್‌ನಿಂದ ಅದು ಮಂಜಿನಂತೆ ಬರುವುದಿಲ್ಲ, ದಪ್ಪ ಹನಿಯಾಗಿ ಬರುತ್ತದೆ. ದಪ್ಪ ಹನಿ ಪೂರ್ತಿ ಉರಿಯದೆ ನಾಜಲ್ ತುದಿಯಲ್ಲಿ ಇದ್ದಿಲು ಕಟ್ಟುತ್ತದೆ, ಪಿಸ್ಟನ್ನಿನ ರಿಂಗುಗಳು ಅಂಟಿಕೊಳ್ಳುತ್ತವೆ, ಉರಿಯದ ಎಣ್ಣೆ ಕೆಳಗಿಳಿದು ಎಂಜಿನ್ ಆಯಿಲ್ ಗಂಜಿಯಂತಾಗುತ್ತದೆ.

ಹಾಗಾದರೆ ದಾಂಡೇಲಿಯಲ್ಲಿ ಹೇಗೆ ಓಡಿತು ಎಂದು ನೀವು ಕೇಳಬಹುದು. ಕಾರ್ಖಾನೆಯ ದೊಡ್ಡ ಎಂಜಿನ್ ಗಂಟೆಗಟ್ಟಲೆ ಒಂದೇ ಭಾರದಲ್ಲಿ ಕಾದು ಓಡುತ್ತದೆ, ನೋಡಿಕೊಳ್ಳಲು ಜನರಿರುತ್ತಾರೆ. ನಮ್ಮ ಸಂಘದ ಜನರೇಟರ್ ಕರೆಂಟು ಹೋದಾಗ ಅರ್ಧ ಗಂಟೆ ಓಡಿ ಬಿಸಿಯಾಗುವುದರೊಳಗೆ ನಿಲ್ಲುತ್ತದೆ. ಕಚ್ಚಾ ಎಣ್ಣೆಗೆ ಇದಕ್ಕಿಂತ ಕೆಟ್ಟ ಪರಿಸ್ಥಿತಿ ಬೇರೆ ಇಲ್ಲ.

ನಾನು ಕಂಡ ಒಂದು ಸಂಗತಿ ಹೇಳುತ್ತೇನೆ, ಊರಿನ ಹೆಸರು ಬೇಡ. ಎರಡು ಸಾವಿರ ಲೀಟರ್ ಸಾಮರ್ಥ್ಯದ ಶೀತಲೀಕರಣ ತೊಟ್ಟಿ ಇರುವ ಒಂದು ಸಂಘ. ಕಾರ್ಯದರ್ಶಿಗಳು ಪ್ರಾಮಾಣಿಕರು, ಸಂಘದ ಒಂದು ರೂಪಾಯಿಯನ್ನೂ ದಂಡ ಮಾಡುವವರಲ್ಲ. ಡೀಸೆಲ್ ಬಿಲ್ ಇಳಿಸಬೇಕೆಂದು ಗಾಣದ ಹೊಂಗೆ ಎಣ್ಣೆಯನ್ನು ಬಟ್ಟೆಯಲ್ಲಿ ಸೋಸಿ ಡೀಸೆಲ್‌ಗೆ ಅರ್ಧಕ್ಕರ್ಧ ಬೆರೆಸಿದರು. ಮೂರು ವಾರ ಏನೂ ಆಗಲಿಲ್ಲ. "ನೋಡಿ ಡಾಕ್ಟ್ರೇ, ಓಡ್ತಾ ಇದೆ" ಎಂದು ನನಗೇ ತೋರಿಸಿದರು. ನಾನೂ ತಲೆಯಾಡಿಸಿ ಬಂದೆ. ನಾಲ್ಕನೆಯ ವಾರ ಬೆಳಿಗ್ಗೆ ಸ್ಟಾರ್ಟ್ ಆಗಲು ತಕರಾರು ಶುರುವಾಯಿತು, ಹೊಗೆ ಕಪ್ಪಾಯಿತು. ಒಂದು ಸಂಜೆ ಹಾಲು ತುಂಬಿದ ಮೇಲೆ ಕರೆಂಟು ಹೋಯಿತು, ಜನರೇಟರ್ ಏಳಲೇ ಇಲ್ಲ. 4 ಡಿಗ್ರಿಗೆ ಇಳಿಯಬೇಕಾಗಿದ್ದ ಹಾಲು ರಾತ್ರಿಯಿಡೀ ಬೆಚ್ಚಗೇ ನಿಂತಿತು. ಬೆಳಿಗ್ಗೆ ಟ್ಯಾಂಕರ್ ಬಂದಾಗ ಕುದಿಸಿದ ಮಾದರಿ ಒಡೆಯಿತು. ಅಷ್ಟೂ ಹಾಲು ತಿರಸ್ಕೃತವಾಯಿತು. ನಾಜಲ್, ರಿಂಗ್, ಆಯಿಲ್ ಬದಲಾಯಿಸಿದ ಖರ್ಚು ಬೇರೆ. ಆ ದಿನ ಹಾಲು ಹಾಕಿದವರಲ್ಲಿ ಒಂದೇ ಹಸು ಇಟ್ಟುಕೊಂಡ ಹೆಣ್ಣುಮಕ್ಕಳೇ ಹೆಚ್ಚು. ತಲೆಯಾಡಿಸಿ ಬಂದದ್ದಕ್ಕೆ ನನಗೆ ಇಂದಿಗೂ ಬೇಸರವಿದೆ.

ಜೈವಿಕ ಡೀಸೆಲ್ ಎಂದರೆ ಇದೇ ಎಣ್ಣೆಯನ್ನು ಮೆಥನಾಲ್ ಮತ್ತು ಕಾಸ್ಟಿಕ್ ಸೋಡಾದಂತಹ ಕ್ಷಾರದೊಡನೆ ಬಿಸಿಮಾಡಿ ಅದರಿಂದ ಗ್ಲಿಸರಿನ್ ಬೇರ್ಪಡಿಸಿ, ತೊಳೆದು, ನೀರು ತೆಗೆದು ಮಾಡಿದ ಇಂಧನ. ನೂರು ಕೆ.ಜಿ. ಎಣ್ಣೆಗೆ ಸುಮಾರು ಹತ್ತು ಕೆ.ಜಿ. ಗ್ಲಿಸರಿನ್ ಬರುತ್ತದೆ. ಮಂದತನ ಇಳಿದು ಡೀಸೆಲ್‌ನ ಸಮೀಪಕ್ಕೆ ಬರುತ್ತದೆ, ಹನಿ ಸಣ್ಣದಾಗುತ್ತದೆ. ಇದನ್ನು ಮನೆಯಲ್ಲಿ ಮಾಡಲು ಹೋಗಬೇಡಿ. ಮೆಥನಾಲ್ ಕಣ್ಣು ಕಳೆಯುವ, ಪ್ರಾಣ ತೆಗೆಯುವ ವಿಷ, ಬೆಂಕಿಯೂ ಬೇಗ ಹಿಡಿಯುತ್ತದೆ. ಅಲ್ಲದೆ ಒದ್ದೆ ಬೀಜದಿಂದ ತೆಗೆದ ಹೊಂಗೆ ಎಣ್ಣೆಯಲ್ಲಿ ಹುಳಿ ಅಂಶ ಹೆಚ್ಚಿರುವುದರಿಂದ ಕ್ಷಾರ ಹಾಕಿದೊಡನೆ ಡೀಸೆಲ್ ಬದಲು ಸಾಬೂನು ಆಗುತ್ತದೆ!

ಮೈಲೇಜ್ ಲೆಕ್ಕ

ನಾವು ಹಸುವಿಗೆ ಮೇವು ಕೊಡುವಾಗ ತೂಕ ಮಾತ್ರ ನೋಡುವುದಿಲ್ಲ, ಸಾರ ಎಷ್ಟೆಂದು ನೋಡುತ್ತೇವೆ. ಹತ್ತು ಕೆ.ಜಿ. ರಾಗಿ ಹುಲ್ಲೂ ಹತ್ತು ಕೆ.ಜಿ. ಪಶು ಆಹಾರವೂ ಒಂದೇ ಅಲ್ಲ. ಇಂಧನವೂ ಹಾಗೆಯೇ. ಒಂದು ಕೆ.ಜಿ. ಡೀಸೆಲ್‌ನಲ್ಲಿ ಸುಮಾರು 10,000 ಕಿಲೋ ಕ್ಯಾಲೊರಿ ಶಾಖವಿದ್ದರೆ ಜೈವಿಕ ಡೀಸೆಲ್‌ನಲ್ಲಿ ಸುಮಾರು 9,000 ಇರುತ್ತದೆ. ಜೈವಿಕ ಡೀಸೆಲ್ ಸ್ವಲ್ಪ ಹೆಚ್ಚು ಸಾಂದ್ರವಾದ್ದರಿಂದ ಲೀಟರ್ ಲೆಕ್ಕದಲ್ಲಿ ಈ ಕೊರತೆ ಶೇ. 7–8ಕ್ಕೆ ಇಳಿಯುತ್ತದೆ. ನೂರು ಲೀಟರಿನಲ್ಲಿ 20 ಲೀಟರ್ ಜೈವಿಕ ಡೀಸೆಲ್ ಇರುವ ಮಿಶ್ರಣಕ್ಕೆ ಬಿ-20 ಎನ್ನುತ್ತಾರೆ. ಅದರಲ್ಲಿ ಕೊರತೆ ಶೇ. 1.5ರಷ್ಟು ಮಾತ್ರ. ಅಂದರೆ 10 ಲೀಟರ್ ಡೀಸೆಲ್ ಮಾಡುತ್ತಿದ್ದ ಕೆಲಸಕ್ಕೆ ಬಿ-20 ಸುಮಾರು 150 ಮಿ.ಲೀ. ಹೆಚ್ಚು ಬೇಕು.

ಇದನ್ನು ಎಂಜಿನ್ನಿನ ದಕ್ಷತೆಯೊಡನೆ ಬೆರೆಸಬಾರದು. ಸಣ್ಣ ಡೀಸೆಲ್ ಎಂಜಿನ್ ಇಂಧನದ ಶಾಖದಲ್ಲಿ ಸುಮಾರು ಕಾಲು ಭಾಗದಿಂದ ಮೂರನೆಯ ಒಂದು ಭಾಗದವರೆಗೆ ಮಾತ್ರ ಕೆಲಸಕ್ಕೆ ತಿರುಗಿಸುತ್ತದೆ, ಉಳಿದದ್ದು ಹೊಗೆ ಕೊಳವೆಯಲ್ಲಿಯೂ ರೇಡಿಯೇಟರಿನಲ್ಲಿಯೂ ಹೋಗುತ್ತದೆ. ಸರಿಯಾದ ಜೈವಿಕ ಡೀಸೆಲ್ ಬೆರೆಸಿದಾಗ ಈ ಪಾಲು ಹೆಚ್ಚು ಕಡಿಮೆ ಹಾಗೆಯೇ ಉಳಿಯುತ್ತದೆ. ಆದ್ದರಿಂದ ಯಾರಾದರೂ ಬಂದು "ನಮ್ಮ ಬಯೋ ಡೀಸೆಲ್ ಹಾಕಿದರೆ ಮೈಲೇಜ್ ಹೆಚ್ಚುತ್ತದೆ" ಎಂದರೆ ನಂಬಬೇಡಿ. ಉಳಿತಾಯ ಆಗುವುದಾದರೆ ಲೀಟರಿನ ಬೆಲೆಯಲ್ಲಿ ಆಗಬೇಕು. ನಿಮ್ಮ ಎಂಜಿನ್ನಿನ ಏರ್ ಫಿಲ್ಟರ್ ಧೂಳು ಕಟ್ಟಿದ್ದರೆ ಅದನ್ನು ಮೊದಲು ಸ್ವಚ್ಛಮಾಡಿ. ಯಾವ ಮಿಶ್ರಣಕ್ಕಿಂತಲೂ ಬೇಗ ಅದರ ಫಲ ಕಾಣುತ್ತದೆ.

ಹೊಗೆಯ ಲೆಕ್ಕ

ಜೈವಿಕ ಡೀಸೆಲ್ ತನ್ನ ತೂಕದ ಶೇ. 10ರಷ್ಟು ಆಮ್ಲಜನಕವನ್ನು ಒಳಗೇ ಹೊತ್ತಿರುತ್ತದೆ. ಹನಿಯ ಮಧ್ಯಭಾಗಕ್ಕೆ ಹೊರಗಿನ ಗಾಳಿ ತಲುಪದಿದ್ದರೂ ಇದು ನೆರವಾಗುತ್ತದೆ, ಮಸಿ ಕಡಿಮೆಯಾಗುತ್ತದೆ. ಅಮೆರಿಕದ ಪರಿಸರ ಸಂರಕ್ಷಣಾ ಸಂಸ್ಥೆ ಭಾರಿ ವಾಹನಗಳ ಎಂಜಿನ್‌ಗಳ ಮೇಲೆ ನಡೆದ ಪರೀಕ್ಷೆಗಳನ್ನು ಒಟ್ಟುಗೂಡಿಸಿ 2002ರಲ್ಲಿ ಕೊಟ್ಟ ಅಂಕಿ ಅಂಶಗಳಂತೆ, ಬಿ-20 ಬಳಸಿದಾಗ ಮಸಿಯ ಕಣಗಳು ಸುಮಾರು ಶೇ. 10, ಕಾರ್ಬನ್ ಮೊನಾಕ್ಸೈಡ್ ಶೇ. 11, ಉರಿಯದ ಹೈಡ್ರೋಕಾರ್ಬನ್ ಶೇ. 21 ಕಡಿಮೆಯಾದವು. ಆದರೆ ನೈಟ್ರೋಜನ್ ಆಕ್ಸೈಡ್ ಶೇ. 2 ಹೆಚ್ಚಿತು. ಪೂರ್ತಿ ಜೈವಿಕ ಡೀಸೆಲ್‌ನಲ್ಲಿಯೇ ಓಡಿಸಿದಾಗ ಮಸಿ ಶೇ. 47 ಇಳಿಯಿತು, ನೈಟ್ರೋಜನ್ ಆಕ್ಸೈಡ್ ಶೇ. 10 ಏರಿತು. ಅವು ಹೆಚ್ಚಾಗಿ ಸೋಯಾ ಎಣ್ಣೆಯ ಲೆಕ್ಕಗಳು ಮತ್ತು ಹಳೆಯ ಮಾದರಿಯ ಎಂಜಿನ್‌ಗಳ ಲೆಕ್ಕಗಳು. ನಿಮ್ಮ ಜನರೇಟರಿನಲ್ಲಿ ಇದೇ ಅಂಕಿ ಬರುತ್ತದೆಂದಲ್ಲ, ಏರಿಳಿತದ ದಿಕ್ಕು ತಿಳಿಯುತ್ತದೆ.

ನೈಟ್ರೋಜನ್ ಆಕ್ಸೈಡ್ ಏರುವುದು ಸಣ್ಣ ವಿಷಯವಲ್ಲ. ಬಿಸಿಲಿನಲ್ಲಿ ಅದರಿಂದ ಓಜೋನ್ ಉಂಟಾಗಿ ಎದೆಯುರಿ, ಕೆಮ್ಮು ತರುತ್ತದೆ. ಶಿವಾಜಿನಗರದ ಬಸ್ ನಿಲ್ದಾಣದಂತಹ ಇಕ್ಕಟ್ಟಾದ ಜಾಗದಲ್ಲಿ ನಿಂತವರಿಗೆ ಮಸಿ ಇಳಿದದ್ದು ಕಣ್ಣಿಗೆ ಕಾಣುತ್ತದೆ, ಇದು ಕಾಣುವುದಿಲ್ಲ. ಸಸ್ಯದಿಂದ ಬಂದದ್ದೆಲ್ಲ ಶುದ್ಧ ಎನ್ನುವುದು ಅರ್ಧ ಸತ್ಯ. ಇಂಗಾಲದ ವಿಷಯದಲ್ಲಿ ಮಾತ್ರ ಹೊಂಗೆಯ ಪಕ್ಷ ಬಲವಾಗಿದೆ. ಮರ ಗಾಳಿಯಿಂದ ಹೀರಿಕೊಂಡ ಇಂಗಾಲವೇ ಮರಳಿ ಗಾಳಿಗೆ ಹೋಗುತ್ತದೆ, ಭೂಮಿಯ ಆಳದಿಂದ ಹೊಸದಾಗಿ ಬರುವುದಿಲ್ಲ.

ಯಾವ ಇಂಧನವಾದರೂ ಸರಿ, ಜನರೇಟರಿನ ಹೊಗೆ ಕೊಳವೆ ಹಾಲಿನ ಕೋಣೆಯ ಕಡೆಗೂ ಕೊಟ್ಟಿಗೆಯ ಕಡೆಗೂ ತಿರುಗಿರಬಾರದು. ಹಾಲು ವಾಸನೆಯನ್ನು ಬೇಗ ಹಿಡಿಯುತ್ತದೆ. ಮುಚ್ಚಿದ ಕೋಣೆಯೊಳಗೆ ಎಂಜಿನ್ ಓಡಿಸಿ ಬಾಗಿಲು ಹಾಕಿಕೊಂಡರೆ ಕಾರ್ಬನ್ ಮೊನಾಕ್ಸೈಡ್ ಮನುಷ್ಯರನ್ನೇ ಕೊಲ್ಲುತ್ತದೆ.

ಕ್ಯಾನಿನಲ್ಲಿ ಬರುವ 'ಬಯೋ ಡೀಸೆಲ್'

ಪಂಪಿನಲ್ಲಿ ಸಿಗುವ ಡೀಸೆಲ್‌ನಲ್ಲಿ ಶೇ. 7ರವರೆಗೆ ಜೈವಿಕ ಡೀಸೆಲ್ ಬೆರೆಸಲು ಭಾರತೀಯ ಮಾನಕದಲ್ಲಿ ಅವಕಾಶವಿದೆ. ಅಷ್ಟರಿಂದ ಯಾವ ಎಂಜಿನ್ನಿಗೂ ತೊಂದರೆ ಇಲ್ಲ, ಬದಲಿಗೆ ಲಾಭವಿದೆ. 2020ರ ಏಪ್ರಿಲ್‌ನಿಂದ ಬಂದಿರುವ ಬಿ.ಎಸ್.-6 ಡೀಸೆಲ್‌ನಲ್ಲಿ ಗಂಧಕ ಬಹಳ ಕಡಿಮೆ. ಗಂಧಕ ತೆಗೆಯುವಾಗ ಡೀಸೆಲ್‌ನ ಜಾರುವ ಗುಣವೂ ಕಡಿಮೆಯಾಗುತ್ತದೆ. ಶೇ. 1–2ರಷ್ಟು ಜೈವಿಕ ಡೀಸೆಲ್ ಸೇರಿದರೆ ಆ ಗುಣ ಮರಳಿ ಬರುತ್ತದೆ, ಪಂಪ್ ಸವೆಯುವುದು ತಪ್ಪುತ್ತದೆ. ಅದಕ್ಕಿಂತ ಹೆಚ್ಚು ಬೆರೆಸುವ ಮೊದಲು ಎಂಜಿನ್ ತಯಾರಕರ ಪುಸ್ತಕ ನೋಡತಕ್ಕದ್ದು. ಹೊಗೆ ಸೋಸುವ ಫಿಲ್ಟರ್ ಇರುವ ಹೊಸ ಎಂಜಿನ್‌ಗಳಲ್ಲಿ ಹೆಚ್ಚು ಜೈವಿಕ ಡೀಸೆಲ್ ಎಂಜಿನ್ ಆಯಿಲ್‌ಗೆ ಇಳಿದು ಅದನ್ನು ತೆಳು ಮಾಡುತ್ತದೆ.

ಹಳೆಯ ಎಂಜಿನ್‌ಗೆ ಬೇರೆ ತಕರಾರು. ಜೈವಿಕ ಡೀಸೆಲ್ ಟ್ಯಾಂಕಿನ ತಳದ ಹಳೆಯ ಕೆಸರನ್ನೆಲ್ಲ ತೊಳೆದು ತಂದು ಫಿಲ್ಟರಿಗೆ ತುಂಬುತ್ತದೆ. ಮೊದಲ ತಿಂಗಳಲ್ಲಿ ಫಿಲ್ಟರ್ ಬದಲಾಯಿಸಲೇಬೇಕು. ಹಳೆಯ ರಬ್ಬರ್ ಪೈಪುಗಳು ಊದಿಕೊಳ್ಳುತ್ತವೆ. ಅದು ತೇವವನ್ನು ಹೀರುತ್ತದೆ, ತೇವವಿದ್ದಲ್ಲಿ ಪಾಚಿಯಂತಹ ಸೂಕ್ಷ್ಮಜೀವಿಗಳು ಬೆಳೆಯುತ್ತವೆ. ಆರು ತಿಂಗಳಿಗೊಮ್ಮೆ ಓಡುವ ಜನರೇಟರಿನಲ್ಲಿ ತುಂಬಿ ಇಡುವುದು ಬೇಡ.

ರಸ್ತೆ ಬದಿಯಲ್ಲಿ ಅಗ್ಗಕ್ಕೆ ಬರುವ ಕ್ಯಾನುಗಳ ಬಗ್ಗೆ ಹೇಳಲೇಬೇಕು. 2019ರ ಏಪ್ರಿಲ್‌ನಲ್ಲಿ ಕೇಂದ್ರ ಸರ್ಕಾರ ಜೈವಿಕ ಡೀಸೆಲ್ ಮಾರಾಟಕ್ಕೆ ಮಾರ್ಗಸೂಚಿ ಹೊರಡಿಸಿದೆ. ಅದರಂತೆ ಮಾರುವವರಿಗೆ ಅನುಮತಿ ಬೇಕು, ಮಾಲು ಐ.ಎಸ್. 15607 ಮಾನಕಕ್ಕೆ ಹೊಂದಬೇಕು. ಮಾರುವವರ ಬಳಿ ಪರೀಕ್ಷಾ ವರದಿ ಮತ್ತು ಬಿಲ್ ಕೇಳಿ. ಕೊಡದಿದ್ದರೆ ಬೇಡವೆನ್ನಿ. ಹಾಲಿನಂತೆ ಇದನ್ನು ಲ್ಯಾಕ್ಟೋಮೀಟರಿನಿಂದ ಪರೀಕ್ಷಿಸಬಹುದೇ ಎಂದು ಒಬ್ಬ ಸದಸ್ಯರು ಕೇಳಿದ್ದರು. ಆಗದು. ಎಣ್ಣೆ ಹಾಲಿಗಿಂತ ಹಗುರ, ಲ್ಯಾಕ್ಟೋಮೀಟರ್ ಮುಳುಗಿ ತಳ ಸೇರುತ್ತದೆ!

ಶಿವಾಜಿನಗರದ ಸಮೋಸ, ಕಬಾಬ್ ಅಂಗಡಿಗಳ ಕರಿದ ಎಣ್ಣೆಯೂ ಜೈವಿಕ ಡೀಸೆಲ್‌ಗೆ ಒಳ್ಳೆಯ ಕಚ್ಚಾ ಮಾಲು. ಅಂತಹ ಎಣ್ಣೆಯನ್ನು ಸಂಗ್ರಹಿಸಿ ಇಂಧನ ಮಾಡುವ ಯೋಜನೆಯನ್ನು ಆಹಾರ ಸುರಕ್ಷತಾ ಪ್ರಾಧಿಕಾರ 2018ರಲ್ಲಿ ಆರಂಭಿಸಿತು. ಹಲಸೂರಿನ ಸುತ್ತ ಹಸು ಕಟ್ಟಿಕೊಂಡಿರುವವರು ಅದೇ ಎಣ್ಣೆಯನ್ನು 'ಫ್ಯಾಟ್ ಬರಲಿ' ಎಂದು ಬೂಸಕ್ಕೆ ಬೆರೆಸಬಾರದು. ಒಟ್ಟು ಒಣ ಆಹಾರದಲ್ಲಿ ಕೊಬ್ಬು ಶೇ. 5–6 ಮೀರಿದರೆ ಹೊಟ್ಟೆಯಲ್ಲಿ ನಾರು ಜೀರ್ಣವಾಗುವುದು ನಿಲ್ಲುತ್ತದೆ, ಹಾಲಿನ ಫ್ಯಾಟ್ ಏರುವ ಬದಲು ಇಳಿಯುತ್ತದೆ.

ಹಿಂಡಿಯ ವಿಷಯ

ಹೊಂಗೆ ಬೀಜವನ್ನು ಗಾಣಕ್ಕೆ ಹಾಕಿದರೆ ಸುಮಾರು ಕಾಲು ಭಾಗ ಎಣ್ಣೆ, ಮುಕ್ಕಾಲು ಭಾಗ ಹಿಂಡಿ. ಈ ಹಿಂಡಿಯಲ್ಲಿ ಶೇ. 30ರ ಆಸುಪಾಸು ಸಸಾರಜನಕವಿದೆ, ಅದಕ್ಕೇ ಜನರಿಗೆ ಆಸೆ. ಆದರೆ ಅದರಲ್ಲಿ ಕರಂಜಿನ್ ಎಂಬ ಕಹಿ ಪದಾರ್ಥವಿದೆ. ಹಸು ಮೊದಲು ಮೂಸಿ ಬಿಡುತ್ತದೆ. ಬೆಲ್ಲ, ಬೂಸ ಬೆರೆಸಿ ತಿನ್ನಿಸಿದರೆ ಮೇವು ತಿನ್ನುವುದೇ ಕಡಿಮೆಯಾಗುತ್ತದೆ, ಹಾಲು ಇಳಿಯುತ್ತದೆ. ಗಾಣದ ಹಿಂಡಿಯಲ್ಲಿ ಎಣ್ಣೆ ಹೆಚ್ಚು ಉಳಿಯುವುದರಿಂದ ಈ ಪದಾರ್ಥವೂ ಹೆಚ್ಚು ಉಳಿದಿರುತ್ತದೆ. ಹೊಂಗೆ ಎಣ್ಣೆಯನ್ನು ಕಜ್ಜಿಗೆ ಮೈಮೇಲೆ ಹಚ್ಚುವುದು ಬೇರೆ, ಹೊಟ್ಟೆಗೆ ಹಾಕುವುದು ಬೇರೆ.

ಹರಳು ಹಿಂಡಿ ಮತ್ತು ಜಟ್ರೋಫಾ ಹಿಂಡಿ ಇದಕ್ಕಿಂತ ಎಷ್ಟೋ ಅಪಾಯಕಾರಿ. ಹರಳಿನಲ್ಲಿರುವ ರಿಸಿನ್ ಸ್ವಲ್ಪವೇ ಸಾಕು. ಜಟ್ರೋಫಾದ ವಿಷವಂತೂ ಬೇಯಿಸಿದರೂ ಪೂರ್ತಿ ಹೋಗುವುದಿಲ್ಲ. ಗೊಬ್ಬರಕ್ಕೆಂದು ತಂದಿಟ್ಟ ಹರಳು ಹಿಂಡಿಯ ಚೀಲಕ್ಕೆ ರಾತ್ರಿ ಹಗ್ಗ ಬಿಚ್ಚಿಕೊಂಡ ಮಿಶ್ರತಳಿ ಹಸುವೊಂದು ಬಾಯಿ ಹಾಕಿದ ಪ್ರಕರಣಕ್ಕೆ ನಾನು ಹೋಗಿದ್ದೆ. ಮರುದಿನ ಮಧ್ಯಾಹ್ನದವರೆಗೆ ಏನೂ ಕಾಣಲಿಲ್ಲ. ಆಮೇಲೆ ನೀರಿನಂತೆ ಭೇದಿ, ಅದರಲ್ಲಿ ರಕ್ತ, ಕಣ್ಣು ಒಳಗೆ ಹೋಯಿತು. ಇದಕ್ಕೆ ಪ್ರತಿವಿಷವಿಲ್ಲ. ಬಾಟಲಿಗಟ್ಟಲೆ ಸಲೈನ್ ಕೊಟ್ಟು ಉಳಿಸಿಕೊಂಡೆವು, ಆದರೆ ಆ ಸೂಲಿನಲ್ಲಿ ಹಾಲು ಮರಳಿ ಬರಲಿಲ್ಲ. ಇಂತಹ ಹಿಂಡಿ ತಿಂದದ್ದು ಗೊತ್ತಾದರೆ ಭೇದಿ ಶುರುವಾಗುವವರೆಗೆ ಕಾಯಬೇಡಿ, ಆಗಲೇ ಪಶುವೈದ್ಯರನ್ನು ಕರೆಸಿ, ತಿಂದ ಹಿಂಡಿಯ ಮಾದರಿಯನ್ನೂ ತೋರಿಸಿ.

ಹೊಂಗೆ ಹಿಂಡಿಗೆ ಸರಿಯಾದ ಜಾಗ ಹೊಲ. ಅದರಲ್ಲಿ ಶೇ. 4ರಷ್ಟು ಸಾರಜನಕವಿದೆ. ತಿಪ್ಪೆ ಗೊಬ್ಬರದೊಡನೆ ಬೆರೆಸಿ ಸೀಮೆ ಹುಲ್ಲಿನ ಸಾಲಿಗೆ ಕೊಟ್ಟರೆ ಅದೇ ಸಾರ ಮೇವಾಗಿ ಕೊಟ್ಟಿಗೆಗೆ ಬರುತ್ತದೆ. ಬೀಜ ಮಾರುವವರು ಕಾಯಿಯನ್ನು ಬೇಸಿಗೆಯಲ್ಲಿ ಆರಿಸಿ, ಸಿಪ್ಪೆ ಬಿಡಿಸಿ, ಕಡಿದರೆ ಕಟಕ್ಕೆನ್ನುವವರೆಗೆ ಒಣಗಿಸಿ ಗೋಣಿ ಚೀಲದಲ್ಲಿ ನೆಲಕ್ಕೆ ತಾಗದಂತೆ ಇಡತಕ್ಕದ್ದು. ಪ್ಲಾಸ್ಟಿಕ್ ಚೀಲದಲ್ಲಿ ಬೆವೆತ ಬೀಜಕ್ಕೆ ಬೂಷ್ಟು ಬಂದು ಎಣ್ಣೆ ಹುಳಿಯಾಗುತ್ತದೆ, ಕೊಳ್ಳುವವರು ಬೆಲೆ ಇಳಿಸುತ್ತಾರೆ. ಮರದಿಂದ ಮರಕ್ಕೆ ಇಳುವರಿಯಲ್ಲಿ ಬಹಳ ವ್ಯತ್ಯಾಸವಿರುವುದರಿಂದ ಹೊಸದಾಗಿ ನೆಡುವವರು ಚೆನ್ನಾಗಿ ಕಾಯಿ ಬಿಡುವ ಮರದಿಂದ ಕಸಿ ಮಾಡಿದ ಸಸಿಯನ್ನೇ ತನ್ನಿ, ದಾರಿಬದಿಯ ಬೀಜದ ಸಸಿ ಬೇಡ.